ಷಡ್ಡಕನ ಗ್ರಾಮಫೋನು

ಹೊಟ್ಟೆಕಿಚ್ಚು ಪಡಲು ಯೋಗ್ಯನಾದ ಮನುಷ್ಯ ಸಿಗುವುದಕ್ಕೂ ಪುಣ್ಯ ಬೇಕು. ಕೆಲವರಿಗೆ ನೆರೆಮನೆಯವನು ಸಿಗುತ್ತಾನೆ, ಕೆಲವರಿಗೆ ಕಚೇರಿಯ ಸಹೋದ್ಯೋಗಿ. ನನಗೆ ನನ್ನ ಷಡ್ಡಕ ಸಿಕ್ಕಿದ್ದ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಎದುರಿಗಿದ್ದಾಗ ‘ಅಣ್ಣಾವ್ರೆ’ ಎಂದು ಬಾಯಿ ತುಂಬ ಕರೆಯುತ್ತಿದ್ದೆ. ಇಲ್ಲಿ ಮಾತ್ರ ಏಕವಚನ. ಹೊಟ್ಟೆಕಿಚ್ಚಿಗೆ ಬಹುವಚನ ಒಗ್ಗುವುದಿಲ್ಲ, ನೋಡಿ.

ಅವನು ಹೊಳೆನರಸೀಪುರದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ. ನಾನು ಹಾಸನದಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಓದಿನಲ್ಲಿ ನಾನು ಮುಂದೆ. ಬಣ್ಣದಲ್ಲಿ ಗುಲಗಂಜಿ ತೂಕದಷ್ಟಾದರೂ ನಾನೇ ಮೇಲು. ಅವನ ತಲೆಗೂದಲಂತೂ ಮದುವೆಯ ಹೊತ್ತಿಗೇ ರಾಜೀನಾಮೆ ಕೊಟ್ಟಿತ್ತು. ಇಷ್ಟೆಲ್ಲ ಇದ್ದೂ ನಮ್ಮ ಅತ್ತೆಗೆ ದೊಡ್ಡಳಿಯನೆಂದರೆ ಪ್ರಾಣ. ಕಾರಣ ಏನಿರಬಹುದು ಎಂದು ನಾನು ಬಹಳ ದಿನ ಯೋಚಿಸಿ ಕೊನೆಗೆ ಕಂಡುಕೊಂಡೆ. ಅವನ ಹತ್ತಿರ ಒಂದು ಗ್ರಾಮಫೋನು ಇತ್ತು. ಅದೂ ಎಂಥದು? ಹುಟ್ಟಿದಾಗಿನಿಂದ ಒಂದು ಸಲವೂ ರಿಪೇರಿಯವನ ಮುಖ ಕಾಣದ್ದು!

ಐವತ್ತರ ದಶಕದ ಆರಂಭದಲ್ಲಿ ಚನ್ನರಾಯಪಟ್ಟಣದ ಜೈನ ಪಾತ್ರೆ ವ್ಯಾಪಾರಿಯೊಬ್ಬರು ಮನೆ ಬದಲಾಯಿಸುವಾಗ ಅಟ್ಟದಿಂದ ಇಳಿಸಿದ ಸಾಮಾನು ಅದು. ಅವರ ತಂದೆಯ ಕಾಲದ್ದಂತೆ. ಹಿತ್ತಾಳೆಯ ಕೊಳವೆ ಒಂದು ಕಡೆ ನೆಗ್ಗಿ ಕುಂಬಳದ ಹೂವಿನ ಹಾಗಿತ್ತು. ಒಣಕೊಬ್ಬರಿ ಮಾರಲು ಹೋದ ನನ್ನ ಷಡ್ಡಕ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಕಂಡಕ್ಟರು ತಡೆದನಂತೆ.

“ಏನ್ ಸಾ ಇದು?”

“ಗ್ರಾಮಫೋನು ಕಣಯ್ಯ.”

“ಲಗೇಜ್ ಆಯ್ತದೆ. ಮೇಲಕ್ಕಾಕಿ.”

“ಇದು ಹಾಡ್ತದೆ. ಹಾಡೋದ್ನ ಎಲ್ಲಾರಾ ಲಗೇಜು ಅಂತಾರಾ?”

“ಅಂಗಾರೆ ಒಂದು ಟಿಕೀಟು ತಕಳಿ.”

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವನು ನಿಜಕ್ಕೂ ಟಿಕೀಟು ತೆಗೆದುಕೊಂಡ! ಟಿಕೀಟು ತೆಗೆದ ಮೇಲೆ ಸೀಟು ಕೊಡಬೇಕಲ್ಲ? ಹೊಳೆನರಸೀಪುರದವರೆಗೂ ಗ್ರಾಮಫೋನು ಕಿಟಕಿ ಪಕ್ಕದಲ್ಲಿ ಗಾಳಿ ಸೇವಿಸುತ್ತಾ ಕೂತು ಬಂತು. ನಾಲ್ಕೈದು ಜನ ನಿಂತುಕೊಂಡು ಅದನ್ನು ನೋಡುತ್ತಾ ಬಂದರು. ನಾನು ಮದುವೆಯಾಗಿ ಮೊದಲ ಸಲ ಅತ್ತೆ ಮನೆಗೆ ಹೋದಾಗ ನನಗೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಸಲೇಬೇಕು.

ಅದನ್ನು ಹಾಡಿಸುವುದು ಒಂದು ವ್ರತ. ಕೀಯನ್ನು ಮೂವತ್ತು ಸುತ್ತು ತಿರುಗಿಸಬೇಕು. ಮೂವತ್ತೊಂದಾದರೆ ಒಳಗೆ ‘ಕಟಕ್’ ಎಂದು ಮತ್ತೆ ಒಂದರಿಂದ ಶುರು. ಉಕ್ಕಿನ ಸೂಜಿ ಮುಗಿದುಹೋದ ಮೇಲೆ ಅವನು ಹೇಮಾವತಿ ದಂಡೆಯ ಜಾಲಿಯ ಮುಳ್ಳು ತಂದು, ನೆರಳಲ್ಲಿ ಒಣಗಿಸಿ, ಕತ್ತರಿಸಿ ಹಾಕುತ್ತಿದ್ದ. ಹಾಡಿನ ಒಂದು ಪ್ಲೇಟಿಗೆ ಒಂದು ಮುಳ್ಳು. ಆ ಮುಳ್ಳಿನಲ್ಲಿ ದನಿ ಎಷ್ಟು ಮೆತ್ತಗೆ ಬರುತ್ತಿತ್ತು ಎಂದು ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಕಷ್ಟ. ಆದರೆ ಒಳಗಿನ ಸ್ಪ್ರಿಂಗು ಮುಪ್ಪಾಗಿತ್ತು. ಹಾಡು ಶುರುವಾಗುವುದೇ ನಿಧಾನ. ಹೆಂಗಸಿನ ದನಿಯಲ್ಲಿ ಹೊರಟದ್ದು ಚರಣಕ್ಕೆ ಬರುವಷ್ಟರಲ್ಲಿ ಗಂಡಸಿನದಾಗಿ, ಆಮೇಲೆ ಎಮ್ಮೆಯದಾಗಿ, ನಡುವೆಯೇ ನಿಂತುಬಿಡುತ್ತಿತ್ತು. ಇವನು ಅವಸರವಿಲ್ಲದೆ ಎದ್ದು, ಪಂಚೆ ಸರಿಮಾಡಿಕೊಂಡು, ಕೀ ಕೊಡುತ್ತಿದ್ದ. ಹಾಡು ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು.

“ಅಣ್ಣಾವ್ರೆ, ಒಂದ್ಸಲ ರಿಪೇರಿ ಮಾಡಿಸಬಾರದೇ?” ಎಂದು ನಾನು ಕೇಳದ ಹಬ್ಬವಿಲ್ಲ.

“ಓಡ್ತಾ ಐತಲ್ಲ ಮೇಷ್ಟ್ರೆ. ಓಡೋದ್ನ ಯಾಕೆ ಬಿಚ್ಚಬೇಕು?”

ಇದರ ಪರಿಣಾಮ ಬೀದಿಯ ಮೇಲೂ ಆಯಿತು. ಎದುರು ಮನೆಯ ಹುಡುಗಿ ಸಂಗೀತ ಕಲಿತದ್ದೆಲ್ಲ ಈ ಗ್ರಾಮಫೋನಿನಿಂದಲೇ. ಅರಕಲಗೂಡಿನ ಕಡೆಯವರು ಅವಳನ್ನು ನೋಡಲು ಬಂದರು. ಉಪ್ಪಿಟ್ಟು, ಕಾಫಿ ಆದ ಮೇಲೆ “ಒಂದು ಹಾಡು ಹೇಳಮ್ಮ” ಎಂದರು. ಹುಡುಗಿ ಶಿವನ ಮೇಲಿನ ಪದವೊಂದನ್ನು ಸೊಗಸಾಗಿಯೇ ಎತ್ತಿಕೊಂಡಳು. ಚರಣಕ್ಕೆ ಬಂದಾಗ ದನಿ ಇಳಿಯಿತು, ಇನ್ನೂ ಇಳಿಯಿತು, ಪಾತಾಳ ಮುಟ್ಟಿ ನಿಂತಿತು. ಹುಡುಗಿ ಕಣ್ಣು ಮುಚ್ಚಿ ಸುಮ್ಮನೆ ಕೂತಳು. ಗಂಡಿನ ತಾಯಿ ಗಾಬರಿಯಿಂದ ನೀರು ತರಿಸಿದರು. ಅಷ್ಟರಲ್ಲಿ ಹುಡುಗಿ ಏನೂ ಆಗದವಳಂತೆ ಹಾಡನ್ನು ಮುಂದುವರಿಸಿದಳು. ಅವಳಿಗೆ ಗೊತ್ತಿದ್ದ ಹಾಡು ಇದ್ದದ್ದೇ ಹಾಗೆ, ಪಾಪ! ಕೀ ಕೊಡುವಷ್ಟು ಹೊತ್ತು ಬಿಟ್ಟಿದ್ದಳು, ಅಷ್ಟೆ. ಸಂಬಂಧ ಮುರಿಯಿತು ಎಂದುಕೊಂಡಿರಾ? ಗಂಡಿನ ತಂದೆ, “ಹುಡುಗಿಗೆ ತಾಳ್ಮೆ ಐತೆ. ನಮ್ಮನೇಗೆ ಇಂತೋಳೇ ಬೇಕು” ಎಂದು ಎಲೆ ಅಡಿಕೆ ಬದಲಾಯಿಸಿಕೊಂಡು ಹೋದರು. ಆ ಯಶಸ್ಸೂ ನನ್ನ ಷಡ್ಡಕನ ಖಾತೆಗೇ ಹೋಯಿತು!

ಇದನ್ನೆಲ್ಲ ನಾನು ಸಹಿಸಿಕೊಂಡೇನು. ಸಹಿಸಲಾಗದೆ ಇದ್ದದ್ದು ಬೇರೆ. ಅತ್ತೆಗೆ ಗಂಡುಮಕ್ಕಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ಆರು ತಿಂಗಳು ದೊಡ್ಡ ಮಗಳ ಮನೆ, ಆರು ತಿಂಗಳು ಚಿಕ್ಕ ಮಗಳ ಮನೆ ಎಂದು ಮಾತಾಗಿತ್ತು. ಆದರೆ ನಮ್ಮ ಮನೆಯ ಆರು ತಿಂಗಳು ಮೂರು ದಿನಕ್ಕೆ ಮುಗಿಯುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಅತ್ತೆ ಸೀರೆ ಗಂಟು ಕಟ್ಟಿಕೊಂಡು ಹೊಳೆನರಸೀಪುರದ ಬಸ್ಸಿನ ಹೊತ್ತು ಕೇಳುತ್ತಿದ್ದರು. ನನ್ನ ಹೆಂಡತಿ ಅವರನ್ನು ಬಸ್ಸು ಹತ್ತಿಸಿ ಬಂದು ಒಲೆಯ ಮುಂದೆ ಕೂತು, “ನಮ್ಮವ್ವ ನನ್ ಕೈ ಅಡುಗೇನ ಒಂದು ವಾರ ಉಂಡಿದ್ದಿಲ್ಲ” ಎನ್ನುತ್ತಿದ್ದಳು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸುಮ್ಮನಿರಲು ಆಗುತ್ತದೆಯೇ? ಅರವತ್ತರ ಸುಮಾರಿಗೆ ನಾನು ಹೊಸ ರೇಡಿಯೋ ತಂದೆ. ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಿ, ಮಾಡಿನ ಮೇಲೆ ಎರಡು ಬಿದಿರಿನ ಗಳು ನೆಟ್ಟು ತಂತಿ ಕಟ್ಟಿ, ಅತ್ತೆಯನ್ನು ಕರೆಸಿದೆ. ಬೆಳಗಿನಿಂದ ಭಕ್ತಿಗೀತೆ, ಮಧ್ಯಾಹ್ನ ವಾರ್ತೆ, ಸಂಜೆ ಕೃಷಿಕರಿಗೆ ಸಲಹೆ. ಒಂದು ಅಕ್ಷರ ಎಳೆಯಲಿಲ್ಲ, ಒಂದು ಹಾಡು ನಡುವೆ ನಿಲ್ಲಲಿಲ್ಲ. ಅತ್ತೆ ಮೂರನೆಯ ದಿನ ಹೊರಟರು. ಮಗಳ ಹತ್ತಿರ ಹೇಳಿದರಂತೆ: “ಅದು ಅದರ ಪಾಡಿಗೆ ಓಯ್ತಾ ಇರ್ತದೆ ಕಣವ್ವ. ನಮಗೋಸ್ಕರ ನಿಲ್ಲಾಕಿಲ್ಲ.”

ಆಗ ನನಗೆ ಹೊಳೆದ ಉಪಾಯ ಹೇಳಿದರೆ ನೀವು ನಗುತ್ತೀರಿ. ಆ ಗ್ರಾಮಫೋನನ್ನು ನಾನೇ ರಿಪೇರಿ ಮಾಡಿಸಿದರೆ? ಆಗ ಅದು ಹಾಡಿದಾಗಲೆಲ್ಲ ‘ಚಿಕ್ಕಳಿಯಂದಿರು ಮಾಡಿಸಿಕೊಟ್ಟದ್ದು’ ಎಂಬ ಮಾತು ಅತ್ತೆಯ ಬಾಯಲ್ಲಿ ಬರುತ್ತದಲ್ಲ? ಷಡ್ಡಕ ವ್ಯಾಪಾರಕ್ಕೆಂದು ಅರಕಲಗೂಡಿಗೆ ಹೋದ ದಿನವನ್ನೇ ನೋಡಿಕೊಂಡು ಹೋದೆ. “ಅಣ್ಣಾವ್ರಿಗೆ ಹೇಳಬೇಡಿ ಅತ್ತಿಗೆ, ಬಂದಾಗ ಖುಷಿ ಪಡಲಿ” ಎಂದು ಅವನ ಹೆಂಡತಿಯನ್ನು ಒಪ್ಪಿಸಿ, ಗ್ರಾಮಫೋನನ್ನು ಹಾಸನಕ್ಕೆ ಸಾಗಿಸಿದೆ. ನಾನು ಅದಕ್ಕೆ ಟಿಕೀಟು ತೆಗೆಯಲಿಲ್ಲ. ಬಸ್ಸಿನ ಮೇಲೆ ಹಾಕಿಸಿದೆ.

ಹೊಲಿಗೆ ಯಂತ್ರ, ಗಡಿಯಾರ ರಿಪೇರಿ ಮಾಡುವವನೊಬ್ಬ ಅದರ ಹೊಟ್ಟೆ ಬಿಚ್ಚಿ ನೋಡಿ ಕೈ ಮುಗಿದ. “ಸಾ, ಇದು ಇಷ್ಟು ದಿನ ಆಡ್ತಿತ್ತು ಅಂದ್ರೆ ಯಾರೂ ನಂಬಾಕಿಲ್ಲ.” ಸ್ಪ್ರಿಂಗು ಬದಲಾಯಿಸಿದ. ವೇಗ ಹೆಚ್ಚು ಕಡಿಮೆ ಮಾಡುವ ತಿರುಪು ಯಾವ ಕಾಲದಲ್ಲೋ ಮುರಿದಿತ್ತು. ಸರಿಯಾದ ವೇಗಕ್ಕೆ ಇಟ್ಟು ಅದಕ್ಕೆ ಬೆಸುಗೆ ಹಾಕಿಬಿಟ್ಟ. “ಇನ್ಮೇಕೆ ಒಂದು ಕೀಗೆ ಎಲ್ಡು ಪ್ಲೇಟು. ನಡುವೆ ನಿಲ್ಲೋ ಮಾತೇ ಇಲ್ಲ ಬುಡಿ.”

ಭಾನುವಾರ ಹೆಂಡತಿಯನ್ನೂ ಕರೆದುಕೊಂಡು, ಗೆದ್ದ ಕುಸ್ತಿಪಟುವಿನ ಹಾಗೆ ಹೊಳೆನರಸೀಪುರಕ್ಕೆ ಹೋದೆ. ಷಡ್ಡಕ ಊರಿಗೆ ಬಂದಿದ್ದ. ಗ್ರಾಮಫೋನನ್ನು ಒಂದು ಗಳಿಗೆ ನೋಡಿ, “ಚೆನ್ನಾಗಿ ಮಾಡ್ಸಿದ್ದೀರಿ ಮೇಷ್ಟ್ರೆ” ಎಂದ. ಪಡಸಾಲೆಯ ಮೂಲೆಯಲ್ಲಿಟ್ಟು, ಕೊಳವೆಯನ್ನು ನಮ್ಮ ಕಡೆಗಲ್ಲ, ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿಸಿದ. ಅಳಿಯಂದಿರ ಎದುರಿಗೆ ಅತ್ತೆ ಬಂದು ಕೂರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರು ಸದಾ ಆ ಬಾಗಿಲ ಹಿಂದೆಯೇ. ನನ್ನ ಹೆಂಡತಿಯೂ ಅವರ ಪಕ್ಕಕ್ಕೆ ಹೋಗಿ ಕೂತಳು.

ಶಿವನ ಪದದ ಪ್ಲೇಟು ಹಾಕಿದ. ಹಾಡು ಚಿಮ್ಮಿಕೊಂಡು ಬಂತು. ಎತ್ತರದ ದನಿ, ಚುರುಕಾದ ನಡೆ. ನಾನು ಮೀಸೆ ತಿರುವಿಕೊಂಡೆ. ಆಗ ಅಡುಗೆಮನೆಯ ಒಳಗಿನಿಂದ ಇನ್ನೊಂದು ದನಿ ಕೇಳಿಸಿತು. ಸಣ್ಣದು, ಹಳೆಯದು, ಹಬ್ಬದ ಗದ್ದಲದಲ್ಲಿ ನಾನೆಂದೂ ಗಮನಿಸದೆ ಇದ್ದದ್ದು. ಹಾಡಿನ ಜೊತೆ ಒಂದು ಸಾಲು ಬಂತು, ಎರಡನೆಯ ಸಾಲಿನಲ್ಲಿ ಹಿಂದೆ ಬಿತ್ತು, ಮೂರನೆಯದರಲ್ಲಿ ಉಸಿರು ಸಿಕ್ಕಿಕೊಂಡು ಕೆಮ್ಮಾಯಿತು. ಆಮೇಲೆ ಸುಮ್ಮನಾಯಿತು. ಪ್ಲೇಟು ಒಂದೇ ಕೊನೆಯವರೆಗೂ ಹಾಡಿ ಮುಗಿಸಿತು.

ನಾನು ಷಡ್ಡಕನ ಮುಖ ನೋಡಿದೆ. ಅವನು ದನಿ ತಗ್ಗಿಸಿ ಹೇಳಿದ: “ಅತ್ತೆಮ್ಮಂಗೆ ಉಬ್ಬಸ ಅಲ್ವರಾ. ವಯಸ್ನಲ್ಲಿ ಊರ ಮದುವೆಗೆಲ್ಲ ಹಸೆ ಪದ ಹಾಡ್ತಿದ್ದೋರು. ಇದು ನಿಧಾನಕ್ಕೆ, ತಗ್ಗಿ ಹಾಡಿದ್ರೆ ಅವರ ದನೀಗೆ ಎಟುಕೋದು. ಇದು ನಿಂತಾಗ ಅವರೂ ಉಸ್ರು ತಕಳೋರು. ನಾವು ಕೇಳಿಸ್ಕತೀವಿ ಅಂತ ಗೊತ್ತಾದ್ರೆ ಹಾಡಾಕಿಲ್ಲ. ಅದಕ್ಕೇ ನಾನು ಈ ಕಡೆ ತಿರಿಕ್ಕಂಡು ಕೂರ್ತಿದ್ದೆ.”

ಆಮೇಲೆ ಕೀ ಕೊಡುತ್ತಾ, “ನಿಮ್ಗೆ ಎಂಗೆ ಹೇಳಾನ? ಅತ್ತೆ ಹಾಡ್ತಾರೆ ಅಂತ ಅಳಿಯ ಬಾಯ್ಬಿಟ್ಟು ಹೇಳಬಾರ್ದಲ್ಲ” ಎಂದ.

ಅಂದು ನನಗಾದಷ್ಟು ಹೊಟ್ಟೆಕಿಚ್ಚು ಹಿಂದೆಂದೂ ಆಗಿರಲಿಲ್ಲ. ಗ್ರಾಮಫೋನು ದುಡ್ಡು ಕೊಟ್ಟರೆ ನನಗೂ ಸಿಗುತ್ತಿತ್ತು. ಹತ್ತು ವರ್ಷ ಬೆನ್ನು ಮಾಡಿ ಕೂತು ಕೇಳುವ ಬುದ್ಧಿ ನನಗೆ ಎಲ್ಲಿ ಸಿಗಬೇಕು? ಅತ್ತೆ ನಮ್ಮ ಮನೆಯಲ್ಲಿ ಏಕೆ ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿದ ಗಣಿತದ ಮೇಷ್ಟ್ರು ನಾನು. ಅವರಿಗೆ ಏನು ಇಷ್ಟ ಎಂದು ಒಂದು ದಿನ ಹೆಂಡತಿಯನ್ನಾದರೂ ಕೇಳಿದ್ದೆನೆ? ನಾಚಿಕೆಯಾಯಿತು. ಬೆಸುಗೆಯನ್ನು ಉಗುರಿನಿಂದ ಕಿತ್ತುಹಾಕಬೇಕು ಎನ್ನಿಸಿತು.

ಷಡ್ಡಕ ಅದೇ ಪ್ಲೇಟನ್ನು ಮತ್ತೆ ಹಾಕಿದ. ಈ ಸಲ ತಿರುಗುವ ತಟ್ಟೆಯ ಅಂಚಿಗೆ ತೋರುಬೆರಳನ್ನು ಮೆಲ್ಲಗೆ ಒತ್ತಿ ಹಿಡಿದ. ಹಾಡು ಇಳಿಯಿತು, ನಿಧಾನವಾಯಿತು. ಬೆನ್ನು ಬಗ್ಗಿಸಿ ನಿಂತಿದ್ದ ಅವನ ಬೋಳುತಲೆಯ ಮೇಲೆ ಬೆವರು ಮೂಡಿತು. ಒಳಗೆ ದನಿ ಮತ್ತೆ ಎದ್ದಿತು.

ನಾನು ಎದ್ದು ಹೋದೆ. “ಅಣ್ಣಾವ್ರೆ, ನೀವು ಕೂತ್ಕೊಳ್ಳಿ” ಎಂದು ಅವನ ಬೆರಳಿನ ಪಕ್ಕದಲ್ಲಿ ನನ್ನ ಬೆರಳಿಟ್ಟೆ. ಅವನು ತನ್ನದನ್ನು ತೆಗೆದ. ತಟ್ಟೆ ಚರ್ಮವನ್ನು ತರಚುತ್ತಾ ತಿರುಗಿತು. ಚರಣ ಬಂತು. ಒಳಗಿನ ದನಿ ನಡುಗಿದ್ದು ಕೇಳಿಸಿತು. ನಾನು ಬೆರಳನ್ನು ಒತ್ತಿ ತಟ್ಟೆಯನ್ನು ನಿಲ್ಲಿಸಿದೆ.

ಬಾಗಿಲ ಹಿಂದೆ ಅತ್ತೆ ಉಸಿರು ಎಳೆದುಕೊಳ್ಳುವುದು, ನನ್ನ ಹೆಂಡತಿ ಅವರ ಬೆನ್ನು ನೀವುವಾಗ ಬಳೆ ಸದ್ದಾಗುವುದು ಎರಡೂ ಕೇಳಿಸಿದವು. ನಾನು ಆ ಕಡೆ ತಿರುಗಲಿಲ್ಲ. ಉಸಿರು ಹದಕ್ಕೆ ಬರುವ ತನಕ ಕಾದಿದ್ದು, ಬೆರಳು ಸಡಿಲಿಸಿದೆ.