ಹುಲ್ಲು ಎಣಿಸೋ ಬಾಯಾರು

ವೈದ್ಯರಿಗೆ ರೋಗಿ ಸಿಗುತ್ತಾನೆ, ವಕೀಲರಿಗೆ ಕಕ್ಷಿದಾರ ಸಿಗುತ್ತಾನೆ, ಬಯಲಲ್ಲಿ ಕೂತು ಹುಲ್ಲು ಎಣಿಸುವ ನನಗೆ ಮಾತ್ರ ದಿನಕ್ಕೊಂದು ಫಜೀತಿ ಸಿಗುತ್ತದೆ. ನನ್ನ ಸಂಶೋಧನೆ ದೊಡ್ಡ ರಹಸ್ಯವೇನಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಊರ ದನ ಮೇಯುವ ಗಾಯರಾಣಗಳಿವೆಯಲ್ಲ, ಅಲ್ಲಿ ಎಷ್ಟು ಬಗೆಯ ಹುಲ್ಲಿದೆ, ಅದರ ಬೇರು ಮಣ್ಣಿನೊಳಗೆ ಎಷ್ಟು ಇಂಗಾಲ ಹಿಡಿದಿಟ್ಟಿದೆ, ಬಿಸಿಲು ಏರಿದ ಹಾಗೆ ಅದೆಲ್ಲ ಏನಾಗುತ್ತದೆ ಅಂತ ನೋಡುವುದು. ಇಷ್ಟನ್ನೂ ನಮ್ಮವ್ವನಿಗೆ ಬಿಡಿಸಿ ಹೇಳಿದೆ. ಅವಳು ನಿಟ್ಟುಸಿರು ಬಿಟ್ಟು, "ಇಷ್ಟ ಓದಿ ಕಡೀಕ ದನಾ ಮಾಡೂ ಕೆಲಸಾನ ಹಿಡದೀಯಲ್ಲವಾ" ಅಂದಳು. ಹೆತ್ತವಳೇ ಹೀಗಂದ ಮೇಲೆ ಊರವರದೇನು ತಪ್ಪು?

ಇದ್ದಲಿ

ಆಡೂರಿನ ಹತ್ತಿರ ಒಂದು ಬಯಲಲ್ಲಿ ಮಣ್ಣಿನ ಮಾದರಿ ತೆಗೆಯುತ್ತಿದ್ದೆ. ಕಬ್ಬಿಣದ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೆಲಕ್ಕಿಳಿಸುವ ಕೆಲಸ. ಬೈಕಿನಲ್ಲಿ ಹೊರಟಿದ್ದ ಕಾಕಾ ಒಬ್ಬರು ಗಕ್ಕನೆ ನಿಂತರು. ಹಳೇ ಶಾಸನಗಳ ಊರು ಅದು, ನೆಲ ಅಗೆಯುವವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

"ನಿಧಿ ಏನ್ರಿ ಬಾಯಾರ?" ಓದಿದ ಹೆಣ್ಣುಮಕ್ಕಳೆಲ್ಲ ಈ ಕಡೆಯವರಿಗೆ ಬಾಯಾರೇ.

"ಅಲ್ರೀ ಕಾಕಾ, ಇಂಗಾಲ."

"ಹಂಗಂದ್ರ?"

ಸುಲಭ ಮಾಡಿ ಹೇಳೋಣ ಅಂತ, "ಇದ್ದಲಿ ನೋಡೀರಲ್ಲ, ಅದರಾಗ ಇರೂದ ಇದು. ಈ ಹುಲ್ಲಿನ ಬುಡಕ ಭಾಳ ಐತ್ರಿ" ಅಂದೆ. ಕಾಕಾ ತಲೆಯಾಡಿಸಿ ಹೋದರು.

ಸಂಜೆಯ ಹೊತ್ತಿಗೆ ನನ್ನ ಸುತ್ತ ಜಾತ್ರೆ. ಒಬ್ಬರು ಮುಂದೆ ಬಂದು, "ಇಲ್ಲಿ ಇದ್ದಲಿ ಗಣಿ ಆಗತೈತಂತ? ನಮ್ಮ ಅಳಿಯಾ ಐಟಿಐ ಮಾಡ್ಯಾನ್ರಿ, ನೆನಪಿಡ್ರಿ" ಅಂದರು. ಇನ್ನೊಬ್ಬರು ಮೆಲ್ಲಗೆ ಕಿವಿಯ ಹತ್ತಿರ ಬಂದು, "ರೈಲು ಹಳಿ ನನ್ನ ಹೊಲದಾಗ ಬ್ಯಾಡ್ರಿ. ನಮ್ಮ ಅಣ್ಣಂದು ಬಾಜೂಕ ಐತಿ, ಅದರಾಗ ಹಾಯಸ್ರಿ" ಅಂದರು.

ಇದು ಗಣಿಯ ಇದ್ದಲಿಯಲ್ಲ, ಮಣ್ಣಲ್ಲೇ ಇರಬೇಕಾದದ್ದು, ಹೊರಗೆ ಬಂದರೇ ಜಗತ್ತಿಗೆ ಕೇಡು ಅಂತ ಗಂಟಲು ಹರಿಯುವ ಹಾಗೆ ಹೇಳಿದೆ. ಬೆಳಗಿನ ಕಾಕಾ ಯೋಚಿಸಿ ಕೇಳಿದರು, "ಅಂದ್ರ ಮಾಲು ಐತಿ, ಆದ್ರ ತಗಿಯೂದಿಲ್ಲ?"

"ಹೌದ್ರಿ."

"ತಗಿಯೂದಿಲ್ಲ, ಸುಮ್ನ ಎಷ್ಟೈತಿ ಅಂತ ನೋಡಿಕೊಂತ ತಿರಗತೀರಿ?"

"ಹೌದ್ರಿ."

ಕಾಕಾ ಜನರ ಕಡೆ ತಿರುಗಿ, "ನಡೀರಪಾ, ನಡೀರಿ. ಬಾಯಾರು ಸರಕಾರದವರ ಅದಾರ" ಅಂದರು.

ಹಣೆಬರಹ

ಹುಲಗೂರಿನ ಕಡೆಯಿಂದ ಮಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಶಿಗ್ಗಾಂವಿ ಬಸ್ಸಿನಲ್ಲಿ ಕೂತಿದ್ದೆ. ದರ್ಗಾಕ್ಕೆ ಹೋಗಿ ಬಂದವರಿಂದ ಬಸ್ಸು ಕಿಕ್ಕಿರಿದಿತ್ತು. ಪಕ್ಕದ ಅಜ್ಜಿಯ ಕಣ್ಣು ಚೀಲದ ಮೇಲೆ.

"ಏನವಾ ಅದು, ಅಷ್ಟ ಜ್ವಾಕಿಲೆ ಹಿಡಕೊಂಡಿ?"

"ಮಣ್ಣಜ್ಜಿ."

"ದರ್ಗಾದ್ದ?"

"ಅಲ್ಲಜ್ಜಿ, ಗಾಯರಾಣದ್ದು. ದನ ಮೇಯೂ ಜಾಗಾದ್ದು."

"ಅಂದ್ರ ಗೋವಿನ ಪಾದದ ಧೂಳಿ ಅನ್ನು!" ಅಂದ ಅಜ್ಜಿ ನಾನು ಬಾಯಿ ತೆರೆಯುವುದರೊಳಗೆ ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡಳು. ಹಿಂದಿನ ಸೀಟಿನಿಂದ ಒಂದು ಕೈ ಬಂತು. ಆಮೇಲೆ ಮುಂದಿನಿಂದ. ಕಂಡಕ್ಟರ್ ಬಂದಾಗ ಈ ಗದ್ದಲ ನಿಲ್ಲಿಸುತ್ತಾನೆ ಅಂತ ಉಸಿರು ಬಿಟ್ಟೆ. ಅವನು ಸೀಟಿ ಜೇಬಿಗಿಟ್ಟು, ತನಗೊಂದು ಚಿಟಿಕೆ ತೆಗೆದುಕೊಂಡು, "ನಮ್ಮ ಡ್ರೈವರಗೂ ಸ್ವಲ್ಪ ಕೊಡ್ರಿ, ಅವಂಗ ಹಾರನ್ನಿಂದ ಭಾಳ ತ್ರಾಸಾಗೇತಿ" ಅಂದ. ಅದೇನು ತ್ರಾಸೋ, ಇವತ್ತಿಗೂ ತಿಳಿದಿಲ್ಲ.

ಶಿಗ್ಗಾಂವಿಯಲ್ಲಿ ಇಳಿದಾಗ ಚೀಲ ಚಪ್ಪಟೆ. ಅದೇ ಹೊತ್ತಿಗೆ ನನಗೆ ಮಾರ್ಗದರ್ಶನ ಮಾಡುವ ಪ್ರೊಫೆಸರರ ಫೋನು. "ಸ್ಯಾಂಪಲ್ ಎಲ್ಲೈತವಾ?"

"ಮಂದಿ ಹಣಿ ಮ್ಯಾಲೈತ್ರಿ ಸರ್."

ತೇಗು

ಹತ್ತಿಮತ್ತೂರಿನ ಹೆಣ್ಣುಮಕ್ಕಳ ಸಂಘದಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಮಾತಾಡಿದ್ದೆ. ಮೆಲುಕು ಹಾಕುವ ದನ ತೇಗಿದಾಗ ಹೊರಬರುವ ಅನಿಲವೂ ಭೂಮಿಯನ್ನು ಬಿಸಿ ಮಾಡುತ್ತದೆ ಅಂದಾಗ ಎಲ್ಲರಿಗೂ ನಿದ್ದೆ ಹಾರಿತು.

"ಮನಷ್ಯಾರು ತೇಗಿದ್ರರೀ?" ಅಂತ ಒಬ್ಬ ಅಕ್ಕ ಕೇಳಿದಳು.

"ಅದು ಲೆಕ್ಕಕ್ಕಿಲ್ರಿ" ಅಂದೆ. ನಗುವಿನ ಗದ್ದಲದಲ್ಲಿ ಈ ಮಾತು ಯಾರ ಕಿವಿಗೂ ಬೀಳಲಿಲ್ಲ.

ಕೆಲವು ದಿನ ಬಿಟ್ಟು ಅದೇ ಅಕ್ಕ ಊಟಕ್ಕೆ ಕರೆದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ನನ್ನ ಎದುರಿಗೆ ಅವಳ ಮಾವ, ಗಿರಿಜಾ ಮೀಸೆಯ ಯಜಮಾನರು. ಊಟ ಮುಗಿಸಿ ಗೋಡೆಗೊರಗಿ ಅವರೊಂದು ತೇಗು ತೇಗಿದರು ನೋಡಿ, ತೊಲೆಯ ಮೇಲಿನ ಗುಬ್ಬಿ ಹಾರಿಹೋಯಿತು. ಅಡುಗೆಮನೆಯಿಂದ ಅತ್ತೆ, ಸೊಸೆಯಂದಿರು ಒಟ್ಟಿಗೆ ಕೂಗಿದರು, "ಹೋತ ನೋಡ್ರಿ, ಈ ವರ್ಷದ ಮಳಿ!"

ಯಜಮಾನರು ನನ್ನನ್ನೇ ದಿಟ್ಟಿಸಿದರು. "ಬಾಯಾರ, ಹುಟ್ಟಿದಾಗಿಂದ ಈ ಮನಿಯಾಗ ಧೈರ್ಯಲೆ ತೇಗೇನಿ. ನೀವು ಬಂದು ಹೋದ ಮ್ಯಾಲ ದಿನಾ ದನದ ಕೊಟ್ಟಿಗಿಗೆ ಹೋಗಿ ತೇಗಿ ಬರಾಕತ್ತೇನಿ. ಇವತ್ತ ಮರತ ಕುಂತೆ."

"ಕೊಟ್ಟಿಗಿಗೆ ಯಾಕ್ರೀ?"

"ಎಮ್ಮಿ ಏನೂ ಅನ್ನೂದಿಲ್ರಿ. ಅದರದೂ ಅದ ಪರಿಸ್ಥಿತಿ."

ಸತ್ಕಾರ

ಹಿರೇಕೆರೂರು ತಾಲೂಕಿನ ಒಂದು ಊರಲ್ಲಿ ಗಾಯರಾಣದ ಒಂದು ತುಂಡಿಗೆ ಬೇಲಿ ಹಾಕಿದ್ದೆ. ದನ, ಆಡು ಬಾಯಿ ಹಾಕದಿದ್ದರೆ ಹುಲ್ಲು ಹೇಗೆ ಬೆಳೆಯುತ್ತದೆ, ಮಣ್ಣು ಏನಾಗುತ್ತದೆ ಅಂತ ನೋಡಲಿಕ್ಕೆ. ಮೂರು ವರ್ಷದಲ್ಲಿ ಹುಲ್ಲು ಸೊಂಟದ ಮಟ್ಟ ಬಂದಿತ್ತು. ಅದನ್ನು ನೋಡಲು ನಮ್ಮ ಪ್ರೊಫೆಸರು ಹೊರಟರು. ಅವರ ಜೀವಮಾನದ ವಾದ ಒಂದೇ: "ಹುಲ್ಲುಗಾವಲು ಅಂದ್ರ ಬೀಳು ಭೂಮಿ ಅಲ್ಲ. ಅದರಾಗ ಗಿಡಾ ಹಚ್ಚಬ್ಯಾಡ್ರಿ." ಇದನ್ನವರು ಬರೆಯದ ಪತ್ರಿಕೆಯಿಲ್ಲ, ಇದಕ್ಕಾಗಿ ಜಗಳವಾಡದ ಸಭೆಯಿಲ್ಲ.

ನಾನು ಊರ ಹಿರಿಯರಿಗೆ, "ದೊಡ್ಡ ವಿಜ್ಞಾನಿಗಳು ಬರ್ತಾರ್ರಿ, ನಮ್ಮ ಜಾಗಾ ಸ್ವಲ್ಪ ನೋಡಿಕೋರಿ" ಅಂತ ಫೋನು ಮಾಡಿದ್ದೆ. ಅವರು ಚೆನ್ನಾಗಿಯೇ ನೋಡಿಕೊಂಡಿದ್ದರು.

ಜೀಪು ಇಳಿದರೆ ಶಾಮಿಯಾನ, ರಂಗೋಲಿ, ಹಲಗೆ ಬಾರಿಸುವವರು. ಬೇಲಿಯೊಳಗೆ ನೆಲ ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು.

"ಯಜಮಾನ್ರ, ಹುಲ್ಲೆಲ್ಲಿ?" ಅಂದೆ.

"ಸಾಫ್ ಮಾಡಿಸೇವ್ರಿ! ಅಂಥಾ ದೊಡ್ಡ ಮನಷ್ಯಾರನ್ನ ಹುಲ್ಲಾಗ ನಿಲ್ಲಸಾಕ ಬರತೈತೇನು? ಹಾವು ಚೇಳು ಇರ್ತಾವ."

"ಕೊಯ್ದದ್ದು?"

"ದನಕ್ಕ ಹಾಕೇವ್ರಿ. ಏನ್ ಹುಲ್ಲ್ರೀ ಅದು! ಹಾಲು ಹೆಚ್ಚಿಗಿ ಆಗೇತಿ. ಸರ್ ಚಾ ಕುಡಿಯಾಕತ್ತಾರಲ್ಲ, ಅದ ಹಾಲಿಂದು."

ತಿರುಗಿ ನೋಡಿದೆ. ನನ್ನ ಮೂರು ವರ್ಷದ ಸಂಶೋಧನೆಯನ್ನು ಸರ್ ಕಪ್ಪಿನಿಂದ ಬಸಿಗೆ ಹಾಕಿಕೊಂಡು ಊದಿ ಊದಿ ಕುಡಿಯುತ್ತಿದ್ದರು.

ಅಷ್ಟರಲ್ಲಿ ಮುತ್ತೈದೆಯೊಬ್ಬಳು ಅರಿಷಿಣ ಕುಂಕುಮ ಹಚ್ಚಿದ ಬೇವಿನ ಸಸಿಯೊಂದನ್ನು ಅವರ ಕೈಗಿತ್ತಳು. ಬೇಲಿಯ ನಟ್ಟನಡುವೆ ಕುಣಿ ತೋಡಿ ಇಟ್ಟಿದ್ದರು. "ಬೀಳು ಬಿದ್ದ ಜಾಗಾರಿ ಸಾಹೇಬ್ರ, ನಿಮ್ಮ ಕೈಲೆ ಒಂದ ಗಿಡಾ ಆಗಲಿ" ಅಂದರು ಹಿರಿಯರು. ಹಲಗೆ ಜೋರಾಯಿತು. ಊರ ಅಷ್ಟೂ ಮೊಬೈಲುಗಳು ಮೇಲೆದ್ದವು. ಸರ್ ನನ್ನ ಕಡೆ ಬೀರಿದ ನೋಟ ನನ್ನ ವೈರಿಗೂ ಬೇಡ. ಆದರೂ ದೊಡ್ಡ ಮನುಷ್ಯರು, ಅಷ್ಟು ಪ್ರೀತಿಯ ಮುಂದೆ ಒಲ್ಲೆ ಅನ್ನಲಿಲ್ಲ. ಮೊಣಕಾಲೂರಿ ಗಿಡ ನೆಟ್ಟರು, ನೀರು ಹಾಕಿದರು, ಚಪ್ಪಾಳೆಗೆ ಕೈಮುಗಿದರು.

ಜೀಪು ಹತ್ತಿ ಕೂತೆವು. ನನ್ನ ಪಿಎಚ್.ಡಿ. ಮುಗಿಯಿತು ಅಂತಲೇ ಎಣಿಸಿದೆ. ಡ್ರೈವರ್ ಕೀಲಿ ತಿರುಗಿಸಬೇಕು, ಸರ್ ಅವನ ಭುಜ ಹಿಡಿದು ನಿಲ್ಲಿಸಿದರು. ಆಮೇಲೆ ನನ್ನನ್ನು ಕೇಳಿದರು, "ಅಲ್ಲವಾ, ಬೇವಿನ ಗಿಡಾ ಆಡು ತಿಂತಾವೇನು?"

"ಭಾಳ ಪ್ರೀತಿಲೆ ತಿಂತಾವ್ರಿ ಸರ್."

"ಹಂಗಾರ ಇಳೀ. ಯಾರೂ ನೋಡದಂಗ ಬೇಲಿ ಬಾಗಲಾ ತಗದಿಟ್ಟ ಬಾ."