ಫ್ರೆಂಚ್ ರಾಜನ ಕಾರಂಜಿ, ನನ್ನ ಬಸಳೆ ಚಪ್ಪರ

ಊರು ಸುತ್ತಿ ಬರುವ ಗಂಡಸರು ಮನೆಗೆ ಎಂತಾದರೊಂದು ಅಂಟಿಸಿಕೊಂಡೇ ಬರುತ್ತಾರೆ. ಕೆಲವರು ನೆಗಡಿ ತರುತ್ತಾರೆ, ಕೆಲವರು ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ ತರುತ್ತಾರೆ. ಆಫೀಸಿನ ಕೆಲಸಕ್ಕೆಂದು ಪ್ಯಾರಿಸಿಗೆ ಹೋದ ನನ್ನ ಅಳಿಯ ಪ್ರಸಾದ ತೋಟದ ಹುಚ್ಚು ತಂದ. ಅಲ್ಲಿ ರಾಜನ ಅರಮನೆ ಹಿಂದೆ ಕಣ್ಣು ಹಾಯುವಷ್ಟು ದೂರ ಗಿಡಗಳನ್ನು ಗೆರೆ ಎಳೆದ ಹಾಗೆ ನಿಲ್ಲಿಸಿದ್ದಾರಂತೆ, ನಡುನಡುವೆ ಕಾರಂಜಿಗಳಂತೆ. ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ನಮ್ಮ ಮನೆ ಹಿಂದಿನ ಜಾಗದಲ್ಲಿ ಎರಡು ಸೀರೆ ಒಣಗಿಸಿದರೆ ಮೂರನೆಯದಕ್ಕೆ ಬೇಲಿಯೇ ಗತಿ. ಅಲ್ಲಿ ಇವನು ಅರಮನೆಯ ತೋಟ ಮಾಡಲಿಕ್ಕೆ ಹೊರಟ.

ಮಾಡಲಿ, ನನಗೆಂತ ಎಂದು ಸುಮ್ಮನಿರಬಹುದಿತ್ತು. ಆದರೆ ಆ ಜಾಗದ ಎಡಮೂಲೆಯಲ್ಲಿ ನನ್ನ ಬಸಳೆ ಚಪ್ಪರ ಉಂಟು. ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿರುವ ಸಣ್ಣ ಮಗಳ ಮನೆಯಿಂದ ಒಂದು ತುಂಡು ಬಳ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ವಿಮಾನದಲ್ಲಿ ಬಾಣಂತಿ ಮಗು ಹಿಡಿದ ಹಾಗೆ ಮಡಿಲಲ್ಲಿಟ್ಟುಕೊಂಡು ತಂದದ್ದು. ಚಳಿಗಾಲದಲ್ಲಿ ಸತ್ತೇ ಹೋಯಿತು ಎಂದುಕೊಂಡದ್ದು ಬೇಸಗೆಗೆ ಮತ್ತೆ ಚಿಗುರಿತು. ಈ ಊರಲ್ಲಿ ಇದು ನನ್ನದು ಎಂದು ಬೆರಳು ತೋರಿಸಲಿಕ್ಕೆ ನನಗಿರುವುದು ಅದೊಂದೇ. ಬಾಕಿ ಎಲ್ಲ ಅವರದ್ದು, ನಾನು ಮುಟ್ಟಿದರೆ ಪೀಂ ಪೀಂ ಎಂದು ಕೂಗುವಂಥದ್ದು.

"ಅತ್ತೆ, ಈ ಚಪ್ಪರ ಸಿಮೆಟ್ರಿ ಹಾಳು ಮಾಡ್ತದೆ," ಅಂದ ಅಳಿಯ.

"ಅದೆಂತ ರೋಗ ಮಾರಾಯ?"

"ರೋಗ ಅಲ್ಲ ಅತ್ತೆ. ಎಡಕ್ಕೆ ಎಂತ ಉಂಟೋ ಬಲಕ್ಕೂ ಅದೇ ಇರ್ಬೇಕು. ಫ್ರೆಂಚ್ ಗಾರ್ಡನ್ನಿನ ಜೀವವೇ ಅದು."

"ಹಾಗಾದ್ರೆ ಬಲಕ್ಕೂ ಒಂದು ಬಸಳೆ ಹಾಕು. ಜೀವ ಉಳೀತದೆ."

ಮಗಳು ವಿದ್ಯಾ ಅಡುಗೆಮನೆಯಿಂದಲೇ, "ಅಮ್ಮ, ಹಠ ಮಾಡ್ಬೇಡ. ಅವರು ಪ್ಲಾನ್ ಮಾಡಿ ಆಗಿದೆ," ಅಂದಳು. ಗಂಡ ಹೆಂಡತಿ ಸೇರಿ ತೀರ್ಪು ಕೊಟ್ಟರು. ಭಾನುವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಸೋಮವಾರ ಚಪ್ಪರ ಕೀಳುವುದು. ದೇವರ ಪ್ರಸಾದ ತಿಂದ ಕೈ ಒಣಗುವ ಮೊದಲೇ ಎಂದಾಯಿತು.

ಅಷ್ಟರೊಳಗೆ ತೋಟ ಎದ್ದು ನಿಂತಿತ್ತು. ಮೊಣಕಾಲೆತ್ತರದ ಗಿಡಗಳು, ಎಲ್ಲವಕ್ಕೂ ಪೊಲೀಸಿನವರ ತಲೆಯ ಹಾಗೆ ಒಂದೇ ಕ್ರಾಪು. ಹೂ ಇಲ್ಲ, ಕಾಯಿ ಇಲ್ಲ, ಒಗ್ಗರಣೆಗೆ ಒಂದು ಎಲೆ ಇಲ್ಲ. ನಡುವೆ ಬಿಳಿ ಜಲ್ಲಿ, ಬರಿಗಾಲಲ್ಲಿ ನಡೆದರೆ ಪೂರ್ವಜರೆಲ್ಲ ನೆನಪಾಗುತ್ತಾರೆ. ರಾಜನ ತೋಟವನ್ನು ಕೆಳಗೆ ನಿಂತು ನೋಡಬಾರದಂತೆ, ಅರಮನೆಯ ಮಹಡಿಯ ಕಿಟಕಿಯಿಂದ ನೋಡಬೇಕಂತೆ. ಎಲ್ಲ ಗೆರೆಯೂ ಅಲ್ಲಿಗೇ ಬಂದು ಸೇರುತ್ತದಂತೆ. ನಮ್ಮ ಮನೆಯಲ್ಲಿ ಆ ಗೆರೆ ನೇರ ಹೋಗಿ ಸೇರಿದ್ದು ಮೇಲಿನ ಟಾಯ್ಲೆಟ್ಟಿನ ಕಿಟಕಿಗೆ. ರಾಜವೈಭವ ಕಣ್ತುಂಬ ನೋಡಬೇಕಾದರೆ ಈ ಮನೆಯಲ್ಲಿ ಹೊಟ್ಟೆ ಕೆಡಬೇಕು.

ಎಲ್ಲದರ ನಡುವೆ ಕಾರಂಜಿ. ತುಳಸಿಕಟ್ಟೆ ಇರಬೇಕಾದ ಜಾಗದಲ್ಲಿ ಒಂದು ಕಲ್ಲಿನ ತೊಟ್ಟಿ, ಅದರಲ್ಲಿ ಬಾಯಿಂದ ನೀರು ಉಗುಳುವ ಒಂದು ಮೀನು. ಅದರ ಮೋಟರಿನದ್ದು ಹಳೇ ಗ್ರೈಂಡರಿನ ಸದ್ದು, ಹಾಗಾಗಿ ನೆಂಟರು ಬಂದಾಗ ಮಾತ್ರ ಹಾಕುವುದು. ಇದನ್ನು ನಾನು ಆಡಿಕೊಂಡರೆ ಅಳಿಯನಿಗೆ ಖುಷಿಯೋ ಖುಷಿ. "ಅತ್ತೆ, ಅಲ್ಲೂ ಹಾಗೇ ಇತ್ತು! ಹೊಳೆಗೆ ದೊಡ್ಡ ದೊಡ್ಡ ಚಕ್ರ ಹಾಕಿ ನೀರೆತ್ತಿದ್ರೂ ಅಷ್ಟು ಕಾರಂಜಿಗೆ ಸಾಕಾಗ್ತಿರ್ಲಿಲ್ಲ. ರಾಜ ಹತ್ತಿರ ಬರುವಾಗ ಆಳುಗಳು ಸೀಟಿ ಊದಿ ಆ ಕಾರಂಜಿ ಬಿಡೋದು, ರಾಜ ಆಚೆ ತಿರುಗಿದ ಕೂಡ್ಲೇ ನಿಲ್ಲಿಸೋದು." ಅಷ್ಟು ದೊಡ್ಡ ರಾಜನಿಗೆ ಅಷ್ಟು ಸಲೀಸಾಗಿ ಟೋಪಿ ಹಾಕಿದ ಆ ಆಳುಗಳ ಮೇಲೆ ನನಗೆ ಗೌರವ ಬಂತು. ಗೌರವ ಹೆಚ್ಚು ದಿನ ಉಳಿಯಲಿಲ್ಲ. ಭಾನುವಾರ ನೆಂಟರ ಕಾರು ಬರುವುದನ್ನು ನೋಡಿಕೊಂಡು ಸ್ವಿಚ್ ಒತ್ತುವ ಕೆಲಸ ನನಗೇ ಬಿತ್ತು.

ಒತ್ತಿದೆ. ಪಕ್ಕದ ಗೇಟಿನಿಂದ ನೇರ ಹಿತ್ತಲಿಗೆ ನಮ್ಮ ಕಡೆಯ ಆಂಟಿಯರು, ಅಂಕಲ್‌ಗಳು, ಹಿಂದೆಯೇ ಭಟ್ಟರು ಬಂದರು. ಪೂಜೆಯ ಮನೆ, ಬಾಗಿಲ ಮುಂದೆ ತೊಟ್ಟಿಯಲ್ಲಿ ನೀರು. ನಮ್ಮವರಿಗೆ ಇನ್ನೆಂತ ಹೇಳಿಕೊಡಬೇಕು? ಭಟ್ಟರು ಪಂಚೆ ಎತ್ತಿ ಮೀನಿನ ಬಾಯಿಗೇ ಕಾಲು ಕೊಟ್ಟು, ಹಿಮ್ಮಡಿಯನ್ನು ಉಜ್ಜಿ ತೊಳೆದರು. "ಈ ದೇಶದಲ್ಲಿ ಕಾಲು ತೊಳೀಲಿಕ್ಕೆ ಇಷ್ಟು ಒಳ್ಳೆ ವ್ಯವಸ್ಥೆ ಮಾಡಿದವರನ್ನು ನಾನು ನೋಡಿರಲಿಲ್ಲ ಪ್ರಸಾದರೇ," ಅಂದರು. ಬಂದವರೆಲ್ಲ ಸಾಲಾಗಿ ನಿಂತರು. ಒಬ್ಬರು ಬಾಯಿಯನ್ನೂ ಮುಕ್ಕಳಿಸಿದರು. ಅಳಿಯನ ಮುಖ ನೋಡಿದರೆ ಭಟ್ಟರು ಸತ್ಯನಾರಾಯಣನ ಬದಲು ಗರುಡಪುರಾಣ ಓದಲಿಕ್ಕೆ ಬಂದ ಹಾಗಿತ್ತು.

ಕೊನೆಗೆ ಬಂದದ್ದು ಪಕ್ಕದ ಮನೆಯ ಬಿಳಿ ಅಜ್ಜಿ ಪೆಗ್ಗಿ. ಗುಲಾಬಿ ಬೆಳೆಸುವುದರಲ್ಲಿ ಅವಳದ್ದು ಎತ್ತಿದ ಕೈ. ಅಳಿಯ ಅವಳ ಮಾತನ್ನು ವೇದದ ಹಾಗೆ ಕೇಳುತ್ತಾನೆ. ಸಾಲು ನೋಡಿ ಇದೇ ಪದ್ಧತಿ ಇರಬೇಕೆಂದು ಅವಳೂ ಬೂಟು ಬಿಚ್ಚಿದಳು. ಸೆಕೆ ಬೇರೆ. ತೊಟ್ಟಿಯ ಕಟ್ಟೆ ಮೇಲೆ ಕೂತು ಎರಡೂ ಕಾಲು ನೀರಿಗೆ ಬಿಟ್ಟು, ಹಾಯೆಂದು ತಲೆ ಎತ್ತಿದಾಗ ಕಂಡದ್ದು ನನ್ನ ಚಪ್ಪರ. ಏನೋ ಹೇಳಿದಳು. ಮಗಳು ಕನ್ನಡ ಮಾಡಿದಳು: "ಇಡೀ ಗಾರ್ಡನ್‌ನಲ್ಲಿ ಅದೇ ಚಂದ ಅಂತೆ ಅಮ್ಮ. ಬಲಗಡೆಗೂ ಅಂಥದ್ದೇ ಒಂದು ಯಾಕೆ ಹಾಕಿಲ್ಲ ಅಂತ ಕೇಳ್ತಿದ್ದಾರೆ."

ಅಳಿಯ ಎರಡು ನಿಮಿಷ ಕಣ್ಣು ಕಿರಿದು ಮಾಡಿ ಚಪ್ಪರ ನೋಡಿದ. ಅದೇ ಬಾಯಿಂದ ಬಂತು, "ಕರೆಕ್ಟ್! ರಾಜನ ತೋಟದಲ್ಲೂ ಬಳ್ಳಿ ಹಬ್ಬಿಸಿದ ಚಪ್ಪರ ಇತ್ತು!" ನಾನು ಹೇಳಿದಾಗ ಹಠ, ಪೆಗ್ಗಿ ಹೇಳಿದಾಗ ಡಿಸೈನ್. ಇರಲಿ. ಪಾಪ ರಾಜ, ಚಪ್ಪರ ಇದ್ದೂ ಬಸಳೆ ಹುಳಿಯ ರುಚಿ ಕಾಣದೆ ಸತ್ತ.

ಸೋಮವಾರ ಕೀಳುವ ಬದಲು ಇನ್ನೊಂದು ಚಪ್ಪರ ನಿಂತಿತು. ನಾನು ಗೆದ್ದೆ ಎಂದು ಕ್ಲೈಡ್ ನಾರ್ತ್‌ನ ಮಗಳಿಗೆ ಫೋನು ಮಾಡಿ ಹೇಳಿಯೂ ಆಯಿತು. ಈಗ ಮನೆಯಲ್ಲಿ ದಿನವೂ ಬಸಳೆ; ಮೊಮ್ಮಗಳು ಕುಕ್ಕರಿನ ಮುಚ್ಚಳ ತೆಗೆದು "ನಾಟ್ ಅಗೇನ್, ಅಜ್ಜಿ" ಅನ್ನುತ್ತಾಳೆ. ನಿಜ ಹೇಳಬೇಕಾದರೆ ನನಗೂ ಸಾಕಾಗಿದೆ, ಆದರೆ ಬಾಯಿ ಬಿಡುವ ಹಾಗಿಲ್ಲ.

ಮೊನ್ನೆ ನೋಡುತ್ತೇನೆ, ಬಲಗಡೆಯ ಬಳ್ಳಿ ಎಡದ್ದಕ್ಕಿಂತ ಒಂದು ಗೇಣು ಹೆಚ್ಚು ಇಳಿಬಿದ್ದಿದೆ. ಒಳ್ಳೇ ಎಳೇ ಕುಡಿ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ನಾನೇ ಹೋಗಿ ಕತ್ತರಿ ತಂದು ಚಕ್ಕೆಂದು ಕತ್ತರಿಸಿದೆ. ಹಿಂದೆ ಸರಿದು, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ ನೋಡಿದೆ. ಹಾಂ, ಈಗ ಸಮ ಆಯಿತು ಎಂದುಕೊಳ್ಳುವಷ್ಟರಲ್ಲಿ ಮೇಲೆ ಟಾಯ್ಲೆಟ್ಟಿನ ಕಿಟಕಿ ತೆರೆಯಿತು.

"ಅತ್ತೆ, ಈಗ ಎಡಗಡೆ ಒಂಚೂರು ಉದ್ದ!"

ಮಹಾರಾಜರು ಕಂಡದ್ದು ಸರಿಯಾಗಿಯೇ ಇತ್ತು. ಎಡಗಡೆಯದ್ದನ್ನೂ ಒಂಚೂರು ಕತ್ತರಿಸಿದೆ.