ಚಿಕ್ಕಮ್ಮ ಬೈಯುತ್ತಿದ್ದ ಎಂಜೈಮುಗಳು

ಹೊನ್ನಾಳಿಯಲ್ಲಿ ಕಣ್ಣಿಗೆ ಕಾಣದವರ ಜೊತೆ ದಿನಾ ಜಗಳವಾಡುತ್ತಿದ್ದವಳು ನಮ್ಮ ಚಿಕ್ಕಮ್ಮ ಒಬ್ಬಳೇ! ದೆವ್ವಗಳ ಜೊತೆ ಅಂದುಕೊಂಡಿರಾ? ಛೇ, ಎಂಜೈಮುಗಳ ಜೊತೆ!

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಇಪ್ಪತ್ತೆರಡಕ್ಕೇ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಹಂಚಿಕಡ್ಡಿಯಂತಿದ್ದವಳಿಗೆ ಸಾಹುಕಾರರ ಕಾಯಿಲೆ ಹೇಗೆ ಬಂತು? "ಕದ್ದು ಬೆಲ್ಲ ತಿಂದಿರ್ತಾಳೆ" ಎಂದು ನಮ್ಮಜ್ಜಿ, ಅಂದರೆ ಅವಳ ಅತ್ತೆ, ತೀರ್ಪು ಕೊಟ್ಟೇಬಿಟ್ಟಳು. ಚಿಕ್ಕಮ್ಮ ಸೀದಾ ದಾವಣಗೆರೆಗೆ ಹೋಗಿ ಡಾಕ್ಟರನ್ನೇ ಹಿಡಿದು ಕೇಳಿದಳು. ಪಾಪ, ಅವರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು.

"ನೋಡಮ್ಮ, ಮೈ ಕಾಯೋ ಕಣಗಳೇ ಇನ್ಸುಲಿನ್ ಮಾಡೋ ಜೀವಕೋಶಗಳನ್ನ ವೈರಿ ಅಂತ ತಿಳಿದು ಹೊಡೀತಾವೆ. ಅಲ್ಲಿ ಉರಿಯೂತ ಆಗ್ತೈತೆ. ಕೋಶದೊಳಗೆ ಕೆಲವು ಎಂಜೈಮು ಆ ಉರಿಯೂತದ ಸುದ್ದೀನ ಹಬ್ಬಿಸ್ತಾವೆ, ಕೆಲವು ತಡೀತಾವೆ ಅಂತ ಕಾಣ್ತೈತೆ. ಯಾವುದು ಏನು ಮಾಡ್ತೈತೋ, ಇನ್ನೂ ಪೂರ್ತಿ ಗೊತ್ತಿಲ್ಲ."

"ಹಂಗಾದ್ರೆ ಬೆಲ್ಲದ್ದೇನೂ ತಪ್ಪಿಲ್ಲ?"

"ಇಲ್ಲ."

"ಅದನ್ನ ಬರೆದು ಕೊಡ್ರಿ, ನಮ್ಮತ್ತೆಗೆ ತೋರಿಸ್ಬೇಕು!"

ಬರೆಸಿಕೊಂಡೇ ಬಂದಳು! ಅಜ್ಜಿಗೆ ಓದು ಬಾರದು. ನಾನೇ ಮೂರು ಸಲ ಓದಿ ಹೇಳಬೇಕಾಯಿತು.

ಅಂದಿನಿಂದ ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಗಾಜಿನ ಸಿರಿಂಜು ಕುದಿಯುವಾಗೆಲ್ಲ ಬೈಗುಳ: "ಲೇ ಚಾಡಿಕೋರ ಎಂಜೈಮುಗಳಾ, ಬೆಂಕಿ ಹಚ್ಚಿದ್ದು ಸಾಕು!" ಆಮೇಲೆ ದನಿ ತಗ್ಗಿಸಿ, "ತಡೆಯೋರು ಅದೀರಲ್ಲ, ನೀವಾದ್ರೂ ಬುದ್ಧಿ ಹೇಳ್ರಪ್ಪ." ಒಳ್ಳೆಯ ಎಂಜೈಮುಗಳಿಗೆ ಮರ್ಯಾದೆ ಬೇರೆ! ನ್ಯಾಮತಿಯ ಮದುವೆಯೊಂದರಲ್ಲಿ ಹೋಳಿಗೆ ಬಡಿಸಲು ಬಂದವನಿಗೆ "ಬ್ಯಾಡ್ರೀ, ನನ್ನೊಳಗೆ ಗಲಾಟೆ ನಡೀತೈತೆ" ಅಂದಳು. ಅವನು ಬೆದರಿ ಆ ಸಾಲನ್ನೇ ಬಿಟ್ಟು ಓಡಿದ!

ನಾನು ಕಾಲೇಜಿನಲ್ಲಿ ಅವಳ ಅಣಕು ಮಾಡಿ ಗೆಳೆಯರನ್ನು ನಗಿಸುತ್ತಿದ್ದೆ. ದಾವಣಗೆರೆಯ ಹಾಸ್ಟೆಲಿನಿಂದ ಊರಿಗೆ ಬರುವಾಗ ಇನ್ಸುಲಿನ್ ತರುವ ಕೆಲಸ ನನ್ನದು, ಅದೂ ಐಸ್ ಹಾಕಿದ ಫ್ಲಾಸ್ಕಿನಲ್ಲಿ. ಬಾಣಂತಿಗೆ ಕಾಫಿ ಒಯ್ಯುವವನಂತೆ ಹುಡುಗಿಯರೆದುರು ಬಸ್ಸು ಹತ್ತುವುದೇ? ಒಂದು ಬೇಸಿಗೆಯಲ್ಲಿ ಫ್ಲಾಸ್ಕನ್ನು ಬಿಟ್ಟು ಬಂದೆ. ಬಸ್ಸು ಕಿಕ್ಕಿರಿದಿತ್ತು. ಚೀಲವನ್ನು ಡ್ರೈವರ್ ಪಕ್ಕದ ಇಂಜಿನ್ ಮೇಲಿಟ್ಟೆ. ಇಳಿದಾಗ ಸೀಸೆ ಸುಡುತ್ತಿತ್ತು. ತಣ್ಣೀರಿನಲ್ಲಿ ಅದ್ದಿ ಕೊಟ್ಟೆ.

"ಫ್ಲಾಸ್ಕು ಎಲ್ಲೋ?"

"ಮರೆತೆ."

"ಬಿಸಿ ತಾಗಿಲ್ಲ ತಾನೆ?"

"ಇಲ್ಲ ಚಿಕ್ಕಮ್ಮ."

ನಾಲ್ಕನೆಯ ದಿನ ಅವಳು ವಾಂತಿ ಮಾಡಿ, ಏದುಸಿರು ಬಿಡುತ್ತಾ ಎಚ್ಚರ ತಪ್ಪಿ ಬಿದ್ದಳು. ಆಸ್ಪತ್ರೆಯಲ್ಲಿ ಎರಡು ದಿನದ ಮೇಲೆ ಕಣ್ಣು ಬಿಟ್ಟಳು.

"ಔಷಧಿ ಬಿಸಿ ತಾಗಿ ಕೆಟ್ಟಂಗೈತೆ. ಯಾರು ಮಾಡಿದ್ದು?" ಡಾಕ್ಟರು ಗದರಿದರು. ಚಿಕ್ಕಮ್ಮ ನನ್ನ ಮುಖ ನೋಡಿದಳು.

"ನಾನೇ ರೀ. ಒಲೆ ಪಕ್ಕ ಇಟ್ಟು ಮರೆತಿದ್ದೆ."

ಎಲ್ಲರೂ ಆಚೆ ಹೋದ ಮೇಲೆ ನನ್ನ ಕೈ ಹಿಡಿದಳು. "ಎರಡು ದಿನದಿಂದ ಉಂಡಿಲ್ಲಂತೆ? ಹೋಗು, ಮೊದ್ಲು ಉಂಡು ಬಾ."

ನಾನು ಎದ್ದು ಹೋದೆ. ಆಮೇಲೆ ಅವಳು ಆರು ವರ್ಷ ಬದುಕಿದ್ದಳು. ತಪ್ಪಾಯಿತು ಎನ್ನುವ ಒಂದು ಮಾತಿಗೆ ನನಗೆ ಅಷ್ಟು ವರ್ಷವೂ ಸಾಲಲಿಲ್ಲ.